ಹಿಟ್ಟಿನ ಹಠ, ಲಟ್ಟಣಿಗೆಯ ಆಯ್ಕೆ

ನಿಂಬೆ ಗಾತ್ರದ ಮೈದಾ ಉಂಡೆಯೊಂದನ್ನು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಅದೇ ನೀರಿನಲ್ಲಿ ಮೆಲ್ಲಗೆ ಹಿಸುಕಿ. ನೀರು ಬೆಳ್ಳಗಾಗುತ್ತದೆ. ನೀರು ಬದಲಿಸಿ ಮತ್ತೆ ಮತ್ತೆ ಹಿಸುಕಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ, ಬೂದುಬಣ್ಣದ ಒಂದು ಸಣ್ಣ ಮುದ್ದೆ. ತೊಳೆದು ಹೋದದ್ದು ಪಿಷ್ಟ, ಉಳಿದದ್ದು ಗ್ಲುಟೆನ್. ಇಟಲಿಯ ಬೊಲೋನ್ಯಾ ನಗರದ ಯಾಕೊಪೊ ಬಾರ್ತೊಲೊಮೆಯೊ ಬೆಕ್ಕಾರಿ ಗೋಧಿಹಿಟ್ಟನ್ನು ಹೀಗೆಯೇ ತೊಳೆದು ಬೇರ್ಪಡಿಸಿ ತೋರಿಸಿದರು. ಅವರ ಪ್ರಯೋಗದ ವಿವರ ಅಚ್ಚಾದದ್ದು 1745ರಲ್ಲಿ.

ಲಟ್ಟಣಿಗೆ ಕೊಳ್ಳಲು ಹೋದಾಗ ನಾವು ಮರದ ಬಣ್ಣ ನೋಡುತ್ತೇವೆ, ಹಿಡಿಯ ಅಂದ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಈ ಬೂದುಬಣ್ಣದ ಮುದ್ದೆ ನಮ್ಮ ಹಿಟ್ಟಿನಲ್ಲಿ ಎಷ್ಟಿದೆ, ಎಷ್ಟು ಬಲವಾಗಿದೆ ಎಂಬುದನ್ನು ಮಾತ್ರ ಯೋಚಿಸುವುದಿಲ್ಲ. ಲಟ್ಟಣಿಗೆ ದಪ್ಪ ಇರಬೇಕೇ, ತೆಳ್ಳಗಿರಬೇಕೇ, ಭಾರವೇ, ಹಗುರವೇ, ಅಥವಾ ಲಟ್ಟಣಿಗೆಯೇ ಬೇಡವೇ ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ.

ಗ್ಲುಟೆನ್ ಎಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ಗ್ಲುಟೆನಿನ್ ಉದ್ದುದ್ದ ಸರಪಳಿಗಳಾಗಿ ಹೆಣೆದುಕೊಂಡು ಹಿಟ್ಟಿಗೆ ಬಿಗಿತ ಕೊಡುತ್ತದೆ. ಎಳೆದ ಹಿಟ್ಟನ್ನು ಹಿಂದಕ್ಕೆ ಜಗ್ಗುವುದು ಇದೇ. ಗ್ಲಯಾಡಿನ್ ಆ ಸರಪಳಿಗಳ ನಡುವೆ ಸೇರಿಕೊಂಡು ಜಾರಲು, ಹರಿಯಲು ಅನುವು ಮಾಡಿಕೊಡುತ್ತದೆ. ಹಾಗಾಗಿ ಗೋಧಿಹಿಟ್ಟು ಪೂರ್ತಿ ಘನವೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಸ್ಕೋಫೀಲ್ಡ್ ಮತ್ತು ಸ್ಕಾಟ್ ಬ್ಲೇರ್ ಎಂಬ ಇಬ್ಬರು 1930ರ ದಶಕದ ಆರಂಭದಲ್ಲಿ ಕಲಸಿದ ಗೋಧಿಹಿಟ್ಟನ್ನು ಎಳೆದು, ಬಿಟ್ಟು, ಅಳೆದು ನೋಡಿದರು. ಹಿಟ್ಟನ್ನು ಹಿಗ್ಗಿಸಿದ ಮೇಲೆ ಎಷ್ಟು ಹೊತ್ತು ಹಾಗೆಯೇ ಹಿಡಿದಿರುತ್ತೇವೆ ಎಂಬುದರ ಮೇಲೆ ಅದು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದು ನಿಂತಿರುತ್ತದೆ. ಹೊತ್ತು ಕೊಟ್ಟರೆ ಬಿಗಿತ ತಾನೇ ಕರಗುತ್ತದೆ.

ಕಾಲದ ಈ ಪಾತ್ರಕ್ಕೆ ವಿಜ್ಞಾನದಲ್ಲಿ ಒಂದು ಅಳತೆಯೂ ಇದೆ. ಮಾರ್ಕಸ್ ರೈನರ್ 1964ರಲ್ಲಿ ಸೂಚಿಸಿದ ಡೆಬೊರಾ ಸಂಖ್ಯೆ ಅದು. ಒಂದು ವಸ್ತು ತನ್ನೊಳಗಿನ ಬಿಗಿತ ಕಳೆದುಕೊಳ್ಳಲು ಬೇಕಾದ ಕಾಲವನ್ನು ನಾವು ಅದಕ್ಕೆ ಕೊಟ್ಟ ಕಾಲದಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಸಂಖ್ಯೆ ದೊಡ್ಡದಾದರೆ ಆ ವಸ್ತು ಘನದ ಹಾಗೆ ವರ್ತಿಸುತ್ತದೆ, ಚಿಕ್ಕದಾದರೆ ದ್ರವದ ಹಾಗೆ ಹರಿಯುತ್ತದೆ. ಕಲಸಿದ ಕೂಡಲೇ ಭಾರದ ಲಟ್ಟಣಿಗೆಯಿಂದ ಜೋರಾಗಿ ಒತ್ತಿದ ಚಪಾತಿ ಕಣ್ಣೆದುರೇ ಕುಗ್ಗುವುದು ಇದಕ್ಕೇ. ಹಿಟ್ಟಿಗೆ ಹರಿಯುವಷ್ಟು ಹೊತ್ತೇ ಸಿಕ್ಕಿಲ್ಲ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಅದೇ ಹಿಟ್ಟು ಹಗುರವಾದ ಲಟ್ಟಣಿಗೆಗೂ ಮಣಿಯುತ್ತದೆ. ಚಪಾತಿ ಹಿಗ್ಗುತ್ತಿಲ್ಲವೆಂದು ಇನ್ನೂ ಭಾರದ ಲಟ್ಟಣಿಗೆ ತರುವವರಿಗೆ ನನ್ನ ಮೊದಲ ಸಲಹೆ ಇದೇ: ಲಟ್ಟಣಿಗೆ ಬದಲಿಸುವ ಮುನ್ನ ಹಿಟ್ಟಿಗೆ ಸಮಯ ಕೊಡಿ.

ಇನ್ನು ಲಟ್ಟಣಿಗೆಯ ದಪ್ಪದ ಲೆಕ್ಕ. ಉರುಳೆಯೊಂದು ಹಿಟ್ಟಿನೊಳಗೆ ಒಂದು ಮಿಲಿಮೀಟರ್ ಇಳಿದಿದೆ ಎಂದುಕೊಳ್ಳಿ. ಲಟ್ಟಣಿಗೆಯ ಮುಂಬದಿಯಲ್ಲಿ ಅದು ಹಿಟ್ಟಿಗೆ ತಾಗಿರುವ ಪಟ್ಟಿಯ ಅಗಲವನ್ನು ತಿಳಿಯಲು, ಲಟ್ಟಣಿಗೆಯ ವ್ಯಾಸವನ್ನು ಇಳಿದ ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ಸಾಕು. ಮೂರು ಸೆಂಟಿಮೀಟರ್ ದಪ್ಪದ ನಮ್ಮ ಸಾಮಾನ್ಯ ಚಪಾತಿ ಲಟ್ಟಣಿಗೆಗೆ ಇದು ಸುಮಾರು 5.5 ಮಿಲಿಮೀಟರ್, ಬೇಕರಿಯವರ ಆರು ಸೆಂಟಿಮೀಟರ್ ದಪ್ಪದ ಲಟ್ಟಣಿಗೆಗೆ ಸುಮಾರು 7.7 ಮಿಲಿಮೀಟರ್. ಕೈ ಹಾಕುವ ಬಲ ಒಂದೇ ಆದರೂ ದಪ್ಪ ಲಟ್ಟಣಿಗೆಯ ಕೆಳಗೆ ಒತ್ತಡ ಶೇ 30ರಷ್ಟು ಕಡಿಮೆ. ಜೊತೆಗೆ ಉರುಳೆ ಹಿಟ್ಟನ್ನು ಎದುರುಗೊಳ್ಳುವ ಕೋನವೂ ಬದಲಾಗುತ್ತದೆ: ತೆಳ್ಳಗಿನದರಲ್ಲಿ ಸುಮಾರು 21 ಡಿಗ್ರಿ, ದಪ್ಪದ್ದರಲ್ಲಿ 15. ಕೋನ ಕಡಿದಾದಷ್ಟೂ ಲಟ್ಟಣಿಗೆ ಹಿಟ್ಟನ್ನು ಕೆಳಗೆ ಒತ್ತುವುದರ ಜೊತೆಗೆ ಮುಂದಕ್ಕೂ ತಳ್ಳುತ್ತದೆ.

ಹಾಗಾಗಿ ತೆಳ್ಳಗಿನ ಲಟ್ಟಣಿಗೆ ಚುರುಕು. ಕಡಿಮೆ ಬಲದಲ್ಲಿ ಹಿಟ್ಟನ್ನು ಹರಡುತ್ತದೆ, ಬೇಕೆಂದ ಕಡೆ ತಿರುಗುತ್ತದೆ, ಕೈಬೆರಳಿಗೆ ಹಿಟ್ಟಿನ ಏರುತಗ್ಗು ತಿಳಿಯುತ್ತದೆ. ದಪ್ಪದ್ದು ನಿಧಾನ, ಆದರೆ ಸಮತಟ್ಟು. ದೊಡ್ಡ ಹಾಳೆಯನ್ನು ಒಂದೇ ದಪ್ಪಕ್ಕೆ ತರಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ. ಹಿಡಿಯೊಳಗೆ ಉರುಳೆ ತಿರುಗುವಂಥ ಲಟ್ಟಣಿಗೆಯಲ್ಲಿ ಕೈ ಹೋದಷ್ಟೇ ದೂರ ಉರುಳೆಯೂ ಹೋಗುತ್ತದೆ. ಅಂಗೈಯನ್ನು ಮೇಲಿಟ್ಟು ಉರುಳಿಸುವ ಲಟ್ಟಣಿಗೆಯಲ್ಲಿ ಕೈ ಎರಡು ಪಟ್ಟು ದೂರ ಸಾಗುತ್ತದೆ, ಏಕೆಂದರೆ ಉರುಳುವ ವಸ್ತುವಿನ ಮೇಲ್ಭಾಗ ಅದರ ನಡುವಿಗಿಂತ ದುಪ್ಪಟ್ಟು ವೇಗದಲ್ಲಿ ಚಲಿಸುತ್ತದೆ. ಕೈಯ ದೊಡ್ಡ ಚಲನೆ ಹಿಟ್ಟಿನ ಮೇಲೆ ಸಣ್ಣ ಚಲನೆಯಾಗುವುದರಿಂದ ಹಿಡಿತ ಹೆಚ್ಚು ನಾಜೂಕಾಗುತ್ತದೆ.

ಚಪಾತಿಯ ಲಟ್ಟಣಿಗೆ ಸಾಮಾನ್ಯವಾಗಿ ನಡುವೆ ತುಸು ಉಬ್ಬಿ ತುದಿಗೆ ಸಣ್ಣಗಾಗಿರುತ್ತದೆ. ಒಂದು ಕೈ ಸ್ವಲ್ಪ ಹೆಚ್ಚು ಒತ್ತಿದರೆ ಸಾಕು, ಮಣೆಯ ಮೇಲೆ ಚಪಾತಿ ತಾನೇ ತಿರುಗುತ್ತದೆ. ಹೀಗೆ ತಿರುಗುವುದು ದುಂಡಗಾಗಲಷ್ಟೇ ಅಲ್ಲ. ಒಂದೇ ದಿಕ್ಕಿನಲ್ಲಿ ಲಟ್ಟಿಸಿದರೆ ಗ್ಲುಟೆನ್ ಎಳೆಗಳು ಆ ದಿಕ್ಕಿಗೇ ಎಳೆದುಕೊಂಡಿರುತ್ತವೆ, ಆಮೇಲೆ ಆ ದಿಕ್ಕಿನಲ್ಲೇ ಕುಗ್ಗುತ್ತವೆ. ಬಿಸ್ಕತ್ತು ಕಾರ್ಖಾನೆಗಳಲ್ಲಿ ಉರುಳೆಗಳ ನಡುವೆ ಸಾಗಿ ಬಂದ ಗಟ್ಟಿ ಹಿಟ್ಟನ್ನು ದುಂಡಗೆ ಕತ್ತರಿಸಿದರೆ ಬಿಸ್ಕತ್ತು ಅಂಡಾಕಾರಕ್ಕೆ ತಿರುಗುತ್ತದೆ. ಅದಕ್ಕೆಂದೇ ಅಚ್ಚನ್ನೇ ವಿರುದ್ಧ ದಿಕ್ಕಿನಲ್ಲಿ ಅಂಡಾಕಾರವಾಗಿ ಮಾಡಿಸುವುದುಂಟು. ಮನೆಯಲ್ಲಿ ಚಪಾತಿ ಲಟ್ಟಿಸುವವರು ಕಾಲು ಸುತ್ತು ತಿರುಗಿಸಿಯೇ ಇದನ್ನು ನಿಭಾಯಿಸುತ್ತಾರೆ.

ದುಂಡು ಚಪಾತಿಯ ಅಂಚು ತೆಳ್ಳಗಾಗಿ, ನಡು ದಪ್ಪವಾಗಿ ಉಳಿಯುವುದಕ್ಕೂ ಲೆಕ್ಕವಿದೆ. 16 ಸೆಂಟಿಮೀಟರ್ ಅಗಲದ ಚಪಾತಿಯ ನಡುವಿನಲ್ಲಿ ಲಟ್ಟಣಿಗೆ 16 ಸೆಂಟಿಮೀಟರ್ ಉದ್ದಕ್ಕೂ ಹಿಟ್ಟನ್ನು ಮುಟ್ಟಿರುತ್ತದೆ. ಅಂಚಿಗೆ ಒಂದು ಸೆಂಟಿಮೀಟರ್ ಉಳಿದಿರುವಾಗ ಮುಟ್ಟುವುದು ಎಂಟು ಸೆಂಟಿಮೀಟರಿಗೂ ಕಡಿಮೆ. ಕೈಯ ಬಲ ಇಳಿಯದಿದ್ದರೆ ಒತ್ತಡ ದುಪ್ಪಟ್ಟಾಗುತ್ತದೆ. ಪಳಗಿದವರು ಅಂಚಿಗೆ ಬರುವಾಗ ಕೈ ಹಗುರ ಮಾಡುವುದು ಇದಕ್ಕೇ. ದಪ್ಪ ಎಲ್ಲೆಡೆ ಒಂದೇ ಆಗಿದ್ದರೆ ಎರಡೂ ಕಡೆ ಒಂದೇ ಸಮಯಕ್ಕೆ ಪದರ ಕಟ್ಟಿ, ನಡುವೆ ಆವಿ ಸಿಕ್ಕಿಕೊಂಡು ಚಪಾತಿ ಉಬ್ಬುತ್ತದೆ. ಆವಿಯಾದ ನೀರು ಮೊದಲಿನ 1,600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ತೆಳ್ಳಗಾದ ಒಂದೇ ಒಂದು ಜಾಗ ಸಿಕ್ಕರೂ ಅಲ್ಲಿಂದ ಹೊರಟುಹೋಗುತ್ತದೆ.

ಇದೇ ಅಂಚಿನ ಲೆಕ್ಕವನ್ನು ಚೀನೀಯರು ಬೇಕೆಂದೇ ಬಳಸುತ್ತಾರೆ. ಹೂರಣ ತುಂಬಿ ಮಡಿಸುವ ಅವರ ಜಿಯಾವೊಜಿಗೆ ಚಿಕ್ಕ, ತೆಳ್ಳಗಿನ ಕೋಲು. ಒಂದು ಕೈ ಹಿಟ್ಟನ್ನು ತಿರುಗಿಸುತ್ತಿದ್ದರೆ ಇನ್ನೊಂದು ಕೈ ಕೋಲನ್ನು ಅಂಚಿನಿಂದ ನಡುವಿನವರೆಗೆ ಮಾತ್ರ ಓಡಿಸುತ್ತದೆ. ನಡು ದಪ್ಪ ಉಳಿದು ಹೂರಣದ ಭಾರ ಹೊರುತ್ತದೆ. ಮಡಿಕೆ ಬೀಳುವ ಅಂಚು ತೆಳ್ಳಗಾಗಿ, ಒಂದರ ಮೇಲೊಂದು ಬಿದ್ದರೂ ಗಂಟಾಗುವುದಿಲ್ಲ. ನಮ್ಮ ಕರ್ಜಿಕಾಯಿಗೂ ಇದೇ ನ್ಯಾಯ. ಅದರ ಅಂಚು ಎಣ್ಣೆಯಲ್ಲಿ ಬೇಯದೆ ಹಸಿ ಉಳಿಯುತ್ತಿದ್ದರೆ ದೊಡ್ಡ ಲಟ್ಟಣಿಗೆ ಬಿಟ್ಟು ಚಿಕ್ಕದನ್ನು ಹಿಡಿದು ನೋಡಿ. ಪೂರಿಯದು ಬೇರೆಯೇ ಕತೆ. ಹಿಟ್ಟು ಗಟ್ಟಿ, ಒಣಹಿಟ್ಟು ಉದುರಿಸುವಂತಿಲ್ಲ, ಅದು ಕಾದ ಎಣ್ಣೆಗೆ ಬಿದ್ದು ಕರಕಲಾಗುತ್ತದೆ. ಮಣೆಗೆ ಎಣ್ಣೆ ಸವರಿ, ಸ್ವಲ್ಪ ತೂಕವಿರುವ ನೇರ ಲಟ್ಟಣಿಗೆಯಿಂದ ಒತ್ತಿದರೆ ಗಟ್ಟಿ ಹಿಟ್ಟು ಸಮನಾಗಿ ಹರಡುತ್ತದೆ.

ಹಾಳೆ ದೊಡ್ಡದಾದರೆ ಲಟ್ಟಣಿಗೆಯ ಉದ್ದವೇ ಮುಖ್ಯವಾಗುತ್ತದೆ. ಬೆಕ್ಕಾರಿಯ ಊರಾದ ಬೊಲೋನ್ಯಾದಲ್ಲಿ ಮೊಟ್ಟೆ ಹಾಕಿ ಕಲಸಿದ ಪಾಸ್ತಾ ಹಿಟ್ಟನ್ನು ಮಾತ್ತರೆಲ್ಲೊ ಎಂಬ ಉದ್ದನೆಯ, ಹಿಡಿಯಿಲ್ಲದ ಕೋಲಿನಿಂದ ಮೇಜಿನಗಲ ಲಟ್ಟಿಸುತ್ತಾರೆ. ಆ ಹಾಳೆಯಿಂದ ಕತ್ತರಿಸುವ ತಾಲ್ಯತೆಲ್ಲೆ ಎಂಬ ಪಾಸ್ತಾ ಪಟ್ಟಿ ಬೆಂದ ಮೇಲೆ 8 ಮಿಲಿಮೀಟರ್ ಅಗಲವಿರಬೇಕೆಂದು 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ಅಧಿಕೃತವಾಗಿ ದಾಖಲಿಸಿದರು. ಟರ್ಕಿಯ ಒಕ್ಲಾವಾ ಇನ್ನೂ ತೆಳ್ಳಗಿನ ಕೋಲು. ಹಿಟ್ಟನ್ನು ಕೋಲಿಗೇ ಸುತ್ತಿ, ಅಂಗೈಗಳನ್ನು ನಡುವಿನಿಂದ ತುದಿಗಳತ್ತ ಸರಿಸುತ್ತ ಉರುಳಿಸುತ್ತಾರೆ. ಇಲ್ಲಿ ಹಿಟ್ಟು ತೆಳ್ಳಗಾಗುವುದು ಒತ್ತುವುದರಿಂದ ಎಷ್ಟೋ, ಅಡ್ಡಕ್ಕೆ ಎಳೆಯುವುದರಿಂದಲೂ ಅಷ್ಟೇ. ಬಕ್ಲಾವಾ ಎಂಬ ಪದರು ಸಿಹಿಗೆ ಹಲವು ಹಾಳೆಗಳ ನಡುವೆ ಪಿಷ್ಟ ಉದುರಿಸಿ, ಒಟ್ಟಿಗೇ ಕೋಲಿಗೆ ಸುತ್ತಿ ಲಟ್ಟಿಸುವುದೂ ಇದೆ. ಯುಫ್ಕಾ, ಲವಾಶ್ ಮುಂತಾದ ತೆಳುರೊಟ್ಟಿಗಳ ಸಂಪ್ರದಾಯವನ್ನು ಯುನೆಸ್ಕೊ 2016ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ಇವೆಲ್ಲ ಗೋಧಿಯ ಮಾತು. ಗ್ಲುಟೆನ್ ಇಲ್ಲದ ಹಿಟ್ಟಿಗೆ ಬಂದರೆ ಇದುವರೆಗಿನ ಲೆಕ್ಕವೇ ಬುಡಮೇಲಾಗುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ದೊಡ್ಡ ಪಾಠ ಇರುವುದು ಉತ್ತರ ಕರ್ನಾಟಕದ ಜೋಳದ ರೊಟ್ಟಿಯಲ್ಲಿ.

ಜೋಳದಲ್ಲಿ ಪ್ರೋಟೀನ್ ಇಲ್ಲವೆಂದಲ್ಲ. ಅದರ ಮುಖ್ಯ ಪ್ರೋಟೀನಾದ ಕಾಫಿರಿನ್ ಪುಟ್ಟ ಕಣಗಳೊಳಗೆ ಬಂದಿಯಾಗಿರುತ್ತದೆ, ನೀರಿಗೆ ಒಗ್ಗುವುದಿಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಅದು ಎಳೆ ಕಟ್ಟುವುದಿಲ್ಲ. ಹಿಟ್ಟನ್ನು ಹಿಡಿದಿಡುವ ಕೆಲಸ ಪಿಷ್ಟದ ಪಾಲಿಗೆ ಬರುತ್ತದೆ. ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ನೀರು ಹಾಕುವುದು ಈ ಕಾರಣಕ್ಕೇ: ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಅಂಟಾಗಿ, ಉಳಿದ ಹಿಟ್ಟನ್ನು ಬೆಸೆಯುತ್ತವೆ. ಬೆಸುಗೆಯೇನೋ ಸಿಗುತ್ತದೆ, ಹಿಗ್ಗುವ ಗುಣ ಸಿಗುವುದಿಲ್ಲ.

ಈಗ ರೊಟ್ಟಿ ಅಗಲವಾಗುವಾಗ ಅಂಚಿಗೆ ಏನಾಗುತ್ತದೆ ನೋಡಿ. ಎಂಟು ಸೆಂಟಿಮೀಟರ್ ಬಿಲ್ಲೆ 20 ಸೆಂಟಿಮೀಟರ್ ರೊಟ್ಟಿಯಾಗಬೇಕಾದರೆ ಅದರ ಸುತ್ತಳತೆ 25 ಸೆಂಟಿಮೀಟರಿನಿಂದ 63ಕ್ಕೆ ಏರಬೇಕು. ಅಂಚಿನ ಹಿಟ್ಟು ತನ್ನ ಉದ್ದದ ಎರಡೂವರೆ ಪಟ್ಟು ಹಿಗ್ಗಬೇಕು. ಗೋಧಿ ಹಿಗ್ಗುತ್ತದೆ, ಜೋಳ ಸೀಳುತ್ತದೆ. ಲಟ್ಟಣಿಗೆ ಹಿಟ್ಟನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಸೀಳಿದ ಅಂಚನ್ನು ಕೂಡಿಸುವವರು ಯಾರೂ ಇರುವುದಿಲ್ಲ. ರೊಟ್ಟಿ ಬಡಿಯುವ ಕೈಗಳು ಎರಡೂ ಕೆಲಸ ಮಾಡುತ್ತವೆ. ಒಂದು ಅಂಗೈ ಬಡಿಯುತ್ತದೆ, ರೊಟ್ಟಿಯನ್ನು ತಿರುಗಿಸುತ್ತದೆ. ಇನ್ನೊಂದು ಕೈಯ ಬೆರಳುಗಳು ಅಂಚಿಗೆ ಒತ್ತುಗೊಟ್ಟು, ಬಿರುಕು ಹುಟ್ಟಿದಲ್ಲೇ ಮುಚ್ಚುತ್ತವೆ. ಅಂಗೈಯ ಅಗಲ ಲಟ್ಟಣಿಗೆ ತಾಗುವ ಪಟ್ಟಿಗಿಂತ ಎಷ್ಟೋ ಪಟ್ಟು ದೊಡ್ಡದು. ಪ್ರತಿ ಬಡಿತವೂ ನೇರ ಕೆಳಗೆ ಬೀಳುತ್ತದೆ, ಹಿಟ್ಟನ್ನು ಒಂದು ಕಡೆಗೆ ಎಳೆಯುವುದಿಲ್ಲ. ಇದನ್ನು ಸಲಕರಣೆ ಇಲ್ಲದ ಕಾಲದ ಪದ್ಧತಿಯೆಂದು ತಿಳಿಯುವುದು ದೊಡ್ಡ ತಪ್ಪು. ಎದುರಿಗಿರುವ ಹಿಟ್ಟಿನ ಗುಣಕ್ಕೆ ತಕ್ಕಂತೆ ಕಂಡುಕೊಂಡ ಉಪಾಯ ಅದು.

ಜೋಳದ ರೊಟ್ಟಿಯನ್ನು ಲಟ್ಟಿಸುವವರೂ ಈಗ ಬಹಳ ಜನ. ಮಾಡಬಾರದೆಂದಿಲ್ಲ. ಆದರೆ ಲಟ್ಟಣಿಗೆ ಹಗುರವಾಗಿರಬೇಕು, ಕೆಳಗೆ ಧಾರಾಳ ಒಣಹಿಟ್ಟು ಇರಬೇಕು, ನೀರು ಚೆನ್ನಾಗಿ ಕುದಿದಿರಬೇಕು. ಬಿರಿದ ಅಂಚನ್ನು ಡಬ್ಬಿಯ ಮುಚ್ಚಳದಿಂದ ಕತ್ತರಿಸಿ ತೆಗೆಯುವುದು ರೂಢಿ. ಮಲೆನಾಡಿನ ಉಕ್ಕರಿಸಿದ ಅಕ್ಕಿ ರೊಟ್ಟಿ ಇದಕ್ಕಿಂತ ಸುಲಭವಾಗಿ ಲಟ್ಟಣಿಗೆಗೆ ಒಗ್ಗುತ್ತದೆ. ಅಲ್ಲಿ ಹಿಟ್ಟನ್ನು ಒಲೆಯ ಮೇಲೆ ಕುದಿಯುವ ನೀರಿನಲ್ಲೇ ಬೇಯಿಸಿ, ಬಿಸಿ ಇರುವಾಗಲೇ ನಾದುವುದರಿಂದ ಬಹುಪಾಲು ಪಿಷ್ಟ ಅಂಟಾಗಿರುತ್ತದೆ. ಗೋಧಿಯಲ್ಲೂ ಎಲ್ಲವೂ ಒಂದೇ ಅಲ್ಲ. ವಿಜಯಪುರ, ಬೆಳಗಾವಿ ಕಡೆಯ ಜವೆಗೋಧಿಯ ಗ್ಲುಟೆನ್ ಸಾಮಾನ್ಯ ಗೋಧಿಯದಕ್ಕಿಂತ ದುರ್ಬಲ. ಹೆಚ್ಚು ಒತ್ತಿದರೆ ಕಿತ್ತುಹೋಗುತ್ತದೆ, ಹಗುರ ಲಟ್ಟಣಿಗೆಯೇ ಅದಕ್ಕೆ ವಾಸಿ.

ಹೋಳಿಗೆಯಲ್ಲಿ ಲಟ್ಟಣಿಗೆಯ ಕೆಳಗೆ ಇರುವುದು ಒಂದಲ್ಲ, ಎರಡು ವಸ್ತು. ಹೊರಗೆ ಕಣಕ, ಒಳಗೆ ಹೂರಣ. ಎರಡೂ ಒಂದೇ ವೇಗದಲ್ಲಿ ಹರಡಿದರೆ ಮಾತ್ರ ಹೋಳಿಗೆ ಅಂಚಿನವರೆಗೂ ತುಂಬಿಕೊಳ್ಳುತ್ತದೆ. ಹೂರಣ ಗಟ್ಟಿಯಾಗಿದ್ದರೆ ಅದು ನಡುವೆ ಗುಡ್ಡೆಯಾಗಿ ಕೂರುತ್ತದೆ, ಬರಿ ಕಣಕ ಅಂಚಿಗೆ ಓಡುತ್ತದೆ. ಹೂರಣ ಸಡಿಲವಾದರೆ ಒತ್ತಿದ ಕಡೆಯಿಂದ ನುಗ್ಗಿ, ಕಣಕವನ್ನು ಸೀಳಿ ಹೊರಗೆ ಬರುತ್ತದೆ. ಚಿರೋಟಿ ರವೆ, ಮೈದಾ ಕಲಸಿದ ಕಣಕವನ್ನು ಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆಯಿಸುವುದು ಅದರ ಬಿಗಿತವನ್ನು ಹೂರಣದ ಮಟ್ಟಕ್ಕೆ ಇಳಿಸಲು. ಬೇಳೆಯ ಹೂರಣ ಮೆತ್ತಗಿರುವ ಕಡೆ ಬಾಳೆಎಲೆಯ ಮೇಲೆ ಕೈಯಿಂದಲೇ ತಟ್ಟುತ್ತಾರೆ. ಹುಡಿಹುಡಿಯಾದ ಶೇಂಗಾ ಹೂರಣ ಕೈಗೆ ಅಷ್ಟು ಮಣಿಯುವುದಿಲ್ಲ, ಅದಕ್ಕೆ ಲಟ್ಟಣಿಗೆಯೇ ಬೇಕು. ತೆಳ್ಳಗಿನ ಲಟ್ಟಣಿಗೆಯ ಕಡಿದಾದ ಕೋನ ಕಣಕವನ್ನು ಮುಂದಕ್ಕೆ ತಳ್ಳಿ ಹೂರಣದಿಂದ ಬೇರ್ಪಡಿಸುತ್ತದೆ. ಹಾಗಾಗಿ ಹೋಳಿಗೆಗೆ ನಾನು ಆರಿಸುವುದು ದಪ್ಪವಾದರೂ ತೂಕವಿಲ್ಲದ, ಹಗುರ ಮರದ, ನೇರ ಲಟ್ಟಣಿಗೆ.

ಹಪ್ಪಳದ ಲಟ್ಟಣಿಗೆಯ ಮೈತುಂಬ ಗೆರೆಗಳಿರುತ್ತವೆ. ಉದ್ದಿನ ಹಿಟ್ಟು ಬಲು ಗಟ್ಟಿ ಮತ್ತು ಬಲು ಅಂಟು. ನಯವಾದ ಲಟ್ಟಣಿಗೆ ಒತ್ತುವ ಬಲವೆಲ್ಲ ಇಡೀ ಪಟ್ಟಿಗೆ ಹಂಚಿಹೋಗುತ್ತದೆ. ಗೆರೆಯಿದ್ದರೆ ಉಬ್ಬಿದ ಏಣುಗಳ ತುದಿಗೆ ಮಾತ್ರ ಬೀಳುತ್ತದೆ. ಬಲ ಅಷ್ಟೇ, ಜಾಗ ಕಡಿಮೆ, ಆದ್ದರಿಂದ ಒತ್ತಡ ಹೆಚ್ಚು. ಹಿಟ್ಟಿಗೆ ತಾಗುವ ಮೈ ಕಡಿಮೆಯಾದ್ದರಿಂದ ಅಂಟಿಕೊಳ್ಳುವುದೂ ಕಡಿಮೆ. ಕೊನೆಗೆ ನಯವಾದ ಲಟ್ಟಣಿಗೆ ಓಡಿಸಿ ಗೆರೆ ಅಳಿಸಿದರಾಯಿತು. ಮುಂಬಯಿಯಲ್ಲಿ 1959ರಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯ ಸದಸ್ಯೆಯರು ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಕೈಯಲ್ಲೇ ಲಟ್ಟಿಸಿ, ಒಣಗಿಸಿ ತಂದುಕೊಡುತ್ತಾರೆ. ದಪ್ಪ ಸ್ವಲ್ಪ ಹೆಚ್ಚುಕಡಿಮೆಯಾದರೂ ಹಪ್ಪಳ ಒಂದೇ ಸಮ ಒಣಗುವುದಿಲ್ಲ, ಒಣಗುವಾಗ ಸೊಟ್ಟಗಾಗುತ್ತದೆ. ಅಷ್ಟೊಂದು ಮನೆಗಳ ಹಪ್ಪಳ ಒಂದೇ ತೆರನಾಗಿ ಬರುವುದರ ಹಿಂದೆ ಆ ಕೈಗಳ ಅಪಾರ ಪಳಗುವಿಕೆ ಇದೆ.

ಪದರು ಪದರಾಗಬೇಕಾದ ತಿನಿಸಿಗೆ ಬೇಕಾದದ್ದು ಸಮನಾದ, ಮಿತವಾದ ಒತ್ತಡ. ಚಿರೋಟಿಯ ಹಾಳೆಗಳ ನಡುವೆ ತುಪ್ಪ, ಅಕ್ಕಿ ಹಿಟ್ಟು ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಆ ತುಂಡನ್ನು ಮತ್ತೆ ಲಟ್ಟಿಸುತ್ತಾರೆ. ಈ ಎರಡನೆಯ ಸಲ ಕೈ ಭಾರವಾದರೆ ಪದರುಗಳು ಬೆಸೆದುಕೊಂಡು ಎಣ್ಣೆಯಲ್ಲಿ ಅರಳುವುದಿಲ್ಲ. ಬೆಣ್ಣೆ ಹಾಕಿದ ಪಫ್ ಹಿಟ್ಟಿಗೆ ಇನ್ನೊಂದು ತೊಡಕು, ಬಿಸಿ. ಬೆಣ್ಣೆ 20 ಡಿಗ್ರಿಯ ಆಚೆ ಮೆತ್ತಗಾಗುತ್ತ ಹೋಗಿ, 35ರ ಆಸುಪಾಸಿನಲ್ಲಿ ಕರಗಿಯೇ ಬಿಡುತ್ತದೆ. ಅಮೃತಶಿಲೆಯ ಲಟ್ಟಣಿಗೆ, ಮಣೆ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಕಲ್ಲು ಕೋಣೆಗಿಂತ ತಣ್ಣಗೇನೂ ಇರುವುದಿಲ್ಲ, ಆದರೆ ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಸಾಗಿಸುತ್ತದೆ. ಹಿಟ್ಟಿನ, ಕೈಯ ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ. ಮೊದಲೇ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಆ ತಂಪು ಬಹಳ ಹೊತ್ತು ಉಳಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ, ಕೋಣೆಯೇ 38 ಡಿಗ್ರಿ ಇರುವಾಗ, ಫ್ರಿಜ್ಜಿನಲ್ಲಿಡದ ಕಲ್ಲು ಮರಕ್ಕಿಂತ ಕೆಡುಕು: ಅದು ಬಿಸಿಯನ್ನೂ ಅಷ್ಟೇ ಚುರುಕಾಗಿ ಬೆಣ್ಣೆಗೆ ಕೊಡುತ್ತದೆ. ಚಪಾತಿಗೆ ಕಲ್ಲಿನ ಲಟ್ಟಣಿಗೆಯಿಂದ ಅಂಥ ಲಾಭವಿಲ್ಲ, ತೋಳು ನೋಯುತ್ತದೆ ಅಷ್ಟೇ.

ಮಾಮೂಲಿ ಅಡುಗೆಮನೆಗೆ ನನ್ನ ಆಯ್ಕೆ ಎರಡು. ಚಪಾತಿಗೆ, ಕರ್ಜಿಕಾಯಿಗೆ ಸಣ್ಣ ಉಬ್ಬಿನ, ಮೂರು ಸೆಂಟಿಮೀಟರಿನದು. ಹೋಳಿಗೆಗೆ, ಪೂರಿಗೆ ನಾಲ್ಕೂವರೆ–ಐದು ಸೆಂಟಿಮೀಟರಿನ ನೇರದ್ದು. ಪೂರಿಗೆ ಬೇಕಾದ ಹೆಚ್ಚಿನ ತೂಕವನ್ನು ತೋಳೇ ಹಾಕಲಿ. ಎರಡೂ ಮರದವೇ ಆಗಿರಲಿ. ಮರದ ಸಣ್ಣ ರಂಧ್ರಗಳಲ್ಲಿ ಒಣಹಿಟ್ಟು ನಿಲ್ಲುತ್ತದೆ, ಮರ ಮೇಲ್ಮೈಯ ತೇವವನ್ನು ತುಸು ಹೀರುತ್ತದೆ, ಹಾಗಾಗಿ ಹಿಟ್ಟು ಹಿಡಿಯುವುದು ಕಡಿಮೆ. ಸ್ಟೀಲು ತೊಳೆಯಲು ಸುಲಭ, ಆದರೆ ಮೆತ್ತಗಿನ ಹಿಟ್ಟು ಅದಕ್ಕೆ ಬೇಗ ಅಂಟುತ್ತದೆ.

ಮರದ್ದನ್ನು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ಅವಕ್ಕೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ಹಸಿ ಮರದಲ್ಲಿ ದುಂಡಗೆ ಕಡೆದ ಲಟ್ಟಣಿಗೆ ಮನೆಗೆ ಬಂದು ಒಣಗಿದ ಮೇಲೆ ಅಂಡಾಕಾರವಾಗುವುದು, ಕೆಲವೊಮ್ಮೆ ಬಿಲ್ಲಾಗುವುದು ಹೀಗೆ. ನೇರ ಲಟ್ಟಣಿಗೆಯನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಮೆಲ್ಲಗೆ ಉರುಳಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ಉರುಳುವಾಗ ಕೆಳಗೆ ಬೆಳಕಿನ ಗೆರೆ ಕಂಡು ಮರೆಯಾಗುತ್ತಿದ್ದರೆ ಅದು ಬಾಗಿದೆ. ಕುಲುಕುತ್ತ ಉರುಳಿದರೆ ದುಂಡಗಿಲ್ಲ. ಉಬ್ಬಿದ್ದನ್ನು ಅದರ ನಡುವಿನ ಮೇಲೆ ಉರುಳಿಸಿ ಕುಲುಕಾಟವಷ್ಟೇ ನೋಡಿದರೆ ಸಾಕು. ಮನೆಗೆ ತಂದ ಮೇಲೆ ನೀರಿನಲ್ಲಿ ನೆನೆಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೂ ಒಲೆಗೂ ದೂರ ಇಟ್ಟು ಒಣಗಿಸಿ, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಎಣ್ಣೆ ಸವರಿ.